ಅರಳಿ ಕೀಳುವ ಕೈ

ಮಾಳಿಗೆಯ ಮೇಲೆ ಒಣಹಾಕಿದ ಶಾವಿಗೆಯನ್ನು ಗುಬ್ಬಿಗಳಿಂದ ಕಾಯುವ ಕೆಲಸಕ್ಕೆ ಹೋದ ವರ್ಷದ ಬೇಸಿಗೆಯಲ್ಲಿ ನನ್ನ ಹೆಂಡತಿ ನನ್ನನ್ನು ನೇಮಿಸದೆ ಇದ್ದಿದ್ದರೆ, ನೀರಿನ ಟಾಕಿಯ ಹಿಂದೆ, ಪ್ಯಾರಾಪೆಟ್ ಗೋಡೆಯ ಬುಡದಲ್ಲಿ, ಎರಡೇ ಎರಡು ಎಲೆಯ ಅರಳಿ ಸಸಿಯೊಂದು ತಲೆಯೆತ್ತಿದ್ದು ನನ್ನ ಗಮನಕ್ಕೆ ಬರುತ್ತಲೇ ಇರಲಿಲ್ಲ. ಯಾವ ಹಕ್ಕಿ ಯಾವ ಊರಿನ ಹಣ್ಣು ತಿಂದು ನಮ್ಮ ಗೋಡೆಯ ಮೇಲೆ ಬಂದು ಹಗುರಾಯಿತೋ ತಿಳಿಯದು. ಸಿಂಧನೂರಿನ ಬಿಸಿಲಿಗೆ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಅಲ್ಲಿ ಮಣ್ಣಿಲ್ಲ, ನೀರಿಲ್ಲ, ನೆರಳಿಲ್ಲ. ಆದರೂ ಆ ಎರಡು ಎಲೆಗಳು ತಾಮ್ರದ ಬಣ್ಣದಲ್ಲಿ ಮಿರುಗುತ್ತ, ಗಾಳಿಯಿಲ್ಲದಾಗಲೂ ಅಲುಗುತ್ತಿದ್ದವು. ಅರಳಿಯ ಎಲೆಗೆ ಸುಮ್ಮನಿರಲು ಬರುವುದಿಲ್ಲ. ನನಗೂ ಬರುವುದಿಲ್ಲವಾದ್ದರಿಂದ ಕಂಡ ಕೂಡಲೇ ಅದರ ಮೇಲೆ ಮಮತೆ ಹುಟ್ಟಿತು. ಆ ಮಮತೆಯ ಅವಧಿಯಲ್ಲಿ ಗುಬ್ಬಿಗಳು ಶಾವಿಗೆಯನ್ನು ಬೇಕಾದಷ್ಟು ತಿಂದು ಹೋದವು.

ನನ್ನ ಚಂಚಲತೆಯನ್ನು ಇಲ್ಲಿಯೇ ಒಪ್ಪಿಕೊಂಡುಬಿಡುತ್ತೇನೆ. “ಕುಂತಲ್ಲಿ ಕುಂದ್ರಂಗಿಲ್ಲ, ನಿಂತಲ್ಲಿ ನಿಂದ್ರಂಗಿಲ್ಲ, ಇವನ ಕಾಲಾಗ ಚಕ್ರ ಐತಿ” ಎಂದೇ ನನ್ನ ತಾಯಿ ನೆಂಟರಿಷ್ಟರಿಗೆ ನನ್ನನ್ನು ಪರಿಚಯಿಸುತ್ತಿದ್ದಳು. ಆ ಚಕ್ರ ಮುಂದೆ ಬಸ್ಸಿನ ಚಕ್ರವಾಗಿ ಪರಿಣಮಿಸಿತು. ಮನೆ ಸಿಂಧನೂರಿನಲ್ಲಿ, ಕನ್ನಡ ಕಲಿಸುವ ನೌಕರಿ ಲಿಂಗಸುಗೂರಿನ ಕಾಲೇಜಿನಲ್ಲಿ, ನಡುವೆ ಮಸ್ಕಿ. ಸಹೋದ್ಯೋಗಿಗಳೆಲ್ಲ ಬುದ್ಧಿವಂತರಾಗಿ ಲಿಂಗಸುಗೂರಿನಲ್ಲೇ ಮನೆ ಮಾಡಿದರು; ನಾನು ಮಾತ್ರ ದಿನಾ ಎರಡು ಸಲ ಈ ದಾರಿಯನ್ನು ಅಳೆಯುತ್ತೇನೆ. ಕಾರಣ ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತೇನೆ: ಬಸ್ಸಿನಲ್ಲಿ ಮನುಷ್ಯ ಕುಳಿತೂ ಇರಬಹುದು, ಓಡುತ್ತಲೂ ಇರಬಹುದು. ಕಿಟಕಿಯ ಹೊರಗೆ ಸ್ವಲ್ಪ ದೂರ ಕಾಲುವೆ ನೀರಿನ ಭತ್ತದ ಹಸಿರು, ಆಮೇಲೆ ಎರೆಮಣ್ಣು, ಹತ್ತಿ, ತೊಗರಿ, ನಡುವೆ ಮಸ್ಕಿಯ ಬಂಡೆಗುಡ್ಡ. ಯಾವುದೂ ಎರಡು ನಿಮಿಷಕ್ಕಿಂತ ಹೆಚ್ಚು ಕಣ್ಣ ಮುಂದೆ ನಿಲ್ಲುವುದಿಲ್ಲ ಎನ್ನುವುದೇ ನನಗೆ ಸಮಾಧಾನ.

ಇಂಥವನು ಬುದ್ಧನ ಬಳಿಗೆ ಹೋಗಿದ್ದು ಹಸಿದವನು ಊಟಕ್ಕೆ ಹೋದಷ್ಟೇ ಸಹಜ ಎಂದು ನಾನು ತಿಳಿದಿದ್ದೆ. ನಮ್ಮ ಕಾಲೇಜಿನ ಗ್ರಂಥಪಾಲಕಿ ದೇವಮ್ಮನವರ ಮನೆಯವರು ಅವರ ತಂದೆಯ ಕಾಲಕ್ಕೇ ಬೌದ್ಧ ಧರ್ಮ ಸ್ವೀಕರಿಸಿದವರು. ಲಿಂಗಸುಗೂರಿನ ಅಂಚಿನಲ್ಲಿ ಅವರದೊಂದು ಚಿಕ್ಕ ಪ್ರಾರ್ಥನಾ ಮಂದಿರ ಇದೆ; ಭಾನುವಾರ ಬೆಳಿಗ್ಗೆ ಇಪ್ಪತ್ತು ಜನ ಬಿಳಿ ಬಟ್ಟೆ ಉಟ್ಟು ಚಾಪೆಯ ಮೇಲೆ ಕುಳಿತು, ಐದು ಶೀಲಗಳನ್ನು ಹೇಳಿ, ಉಸಿರನ್ನು ನೋಡುತ್ತಾರೆ. ವಿಭೂತಿ ಇಲ್ಲದೆ ಹೊಸ್ತಿಲು ದಾಟದ ಮನೆತನದ ನಾನು ಹೋಗಿ ಮೂಲೆಯಲ್ಲಿ ಕುಳಿತಾಗ ಯಾಕೆ ಬಂದಿರಿ ಎಂದು ಯಾರೂ ಕೇಳಲಿಲ್ಲ. ನನ್ನ ಉಸಿರು ಮಾತ್ರ ನನಗೆ ಕಾಣಲೊಲ್ಲದು. ಕಣ್ಣು ಮುಚ್ಚಿದರೆ ಸಾಕು, ಕೆಟ್ಟ ಮಿಕ್ಸರು, ತಿದ್ದದ ಉತ್ತರ ಪತ್ರಿಕೆ, ತಪ್ಪಿದ ಬಸ್ಸು, ಹೈಸ್ಕೂಲಿನಲ್ಲಿ ನನ್ನನ್ನು ಹೊಡೆದ ಒಬ್ಬ ಮಾಸ್ತರು, ಎಲ್ಲರೂ ಸರತಿಯಲ್ಲಿ ಬರುತ್ತಿದ್ದರು. ದೇವಮ್ಮನವರ ಹತ್ತಿರ ಹೇಳಿಕೊಂಡರೆ ಅವರು ನಕ್ಕರು. “ಮನಸ ಓಡಿದ್ರ ಓಡ್ಲಿ ಬಿಡ್ರಿ ಸರ. ಓಡಾಕತ್ತೈತಿ ಅಂತ ಗೊತ್ತಾದ್ರ ಸಾಕು” ಎಂದರು. ನಾನು ಇದನ್ನು ಓಡಲು ಪರವಾನಗಿ ಎಂದು ಅರ್ಥ ಮಾಡಿಕೊಂಡೆ.

ಅರಳಿ ಸಸಿ ಕಂಡದ್ದು ಈ ದಿನಗಳಲ್ಲಿಯೇ. ಬುದ್ಧನ ಹತ್ತಿರ ಹೋಗಲು ಏದುಸಿರು ಬಿಡುತ್ತಿರುವ ಭಕ್ತನನ್ನು ಕಂಡು ಕನಿಕರಗೊಂಡು, ಬೋಧಿವೃಕ್ಷ ತಾನೇ ಮನೆ ಬಾಗಿಲಿಗೆ, ಅಲ್ಲ, ಮಾಳಿಗೆಗೆ ಬಂದಿದೆ ಎಂದು ನನಗೆ ಖಾತ್ರಿಯಾಯಿತು. ದಿನಾ ಬೆಳಿಗ್ಗೆ ಹಲ್ಲುಜ್ಜುವ ನೆವದಲ್ಲಿ ಮಾಳಿಗೆ ಹತ್ತಿ ಅದಕ್ಕೊಂದು ತಂಬಿಗೆ ನೀರು ಹಾಕತೊಡಗಿದೆ. ಹೆಂಡತಿ ಗಿರಿಜೆಗೆ ಹೇಳಲಿಲ್ಲ. ಹೇಳಿದರೆ ಗೋಡೆಯ ವಿಷಯ ಬರುತ್ತಿತ್ತು, ಅಧ್ಯಾತ್ಮದ ನಡುವೆ ಸಿಮೆಂಟಿನ ಮಾತು ಬರುವುದು ನನಗೆ ಬೇಕಿರಲಿಲ್ಲ. ಎರಡೆಲೆ ನಾಲ್ಕಾಯಿತು, ನಾಲ್ಕು ಹತ್ತಾಯಿತು. ಸ್ಟಾಫ್ ರೂಮಿನಲ್ಲಿ ಮಾತ್ರ ನಾನು ಅದನ್ನು ‘ನಮ್ಮ ಬೋಧಿ’ ಎಂದು ಕರೆದು, ನಿರಾಸಕ್ತ ಶ್ರೋತೃಗಳಿಗೆ ಅದರ ಎತ್ತರ ವರದಿ ಮಾಡುತ್ತಿದ್ದೆ.

ಆ ಚಳಿಗಾಲದಲ್ಲಿ ವಿದ್ಯಾರ್ಥಿಗಳನ್ನು ಮಸ್ಕಿಯ ಶಾಸನ ನೋಡಲು ಕರೆದೊಯ್ದೆ. ಇಪ್ಪತ್ತು ವರ್ಷ ಅದರ ಪಕ್ಕದಿಂದ ಹಾದುಹೋಗುತ್ತಿದ್ದರೂ ಬಸ್ಸಿನಿಂದ ಇಳಿದು ನೋಡಿದ್ದು ಎರಡೋ ಮೂರೋ ಸಲ; ಮನೆಯ ಮುಂದಿನ ಗುಡಿಗೆ ಕೈಮುಗಿಯಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಬಂಡೆಯ ಮುಂದೆ ನಿಂತು ಅಶೋಕ ಚಕ್ರವರ್ತಿಯ ವಿಷಯ ಸುಮಾರು ಅರ್ಧ ತಾಸು ಮಾತಾಡಿದೆ. ಧರ್ಮವೆಂಬುದು ದೊಡ್ಡವರ ಸೊತ್ತಲ್ಲ, ಚಿಕ್ಕವನೂ ಶ್ರಮಪಟ್ಟರೆ ಮುಟ್ಟಬಹುದು ಎನ್ನುವುದು ಅಲ್ಲಿಯ ಮಾತಿನ ಸಾರ. ಇಂಥದೇ ಶಾಸನದ ಬೇರೆ ಊರಿನ ಪ್ರತಿಗಳಲ್ಲಿ, ತಾನು ಉಪಾಸಕನಾದ ಮೊದಮೊದಲಿಗೆ ಹೆಚ್ಚೇನೂ ಶ್ರಮಪಡಲಿಲ್ಲ ಎಂದು ಚಕ್ರವರ್ತಿ ತಾನೇ ಒಪ್ಪಿಕೊಂಡಿದ್ದಾನೆಂದು ಹೇಳುವಾಗ ನನಗೆ ಸ್ವಂತ ಅಣ್ಣನ ಸುದ್ದಿ ಹೇಳಿದಷ್ಟು ಸಂತೋಷವಾಯಿತು. ಕಳಿಂಗದ ಮಾತು ಬಂದಾಗ ಇನ್ನೂ ಆವೇಶ ಬಂತು. ಆ ಯುದ್ಧದಲ್ಲಿ ಕತ್ತಿ ಬೀಸಿದವರು ಸೈನಿಕರು. ಆದರೂ ಸೈನಿಕರು ಕೊಂದರು ಎಂದು ಅವನು ಬರೆಸಲಿಲ್ಲ, ಸತ್ತವರ ದುಃಖವನ್ನೆಲ್ಲ ತನ್ನ ಲೆಕ್ಕಕ್ಕೇ ಹಾಕಿಕೊಂಡ, ಅದೇ ಅವನ ದೊಡ್ಡತನ ಎಂದೆ. ಹುಡುಗಿಯರು ಪರೀಕ್ಷೆಗೆ ಬರಬಹುದೆಂದು ಬರೆದುಕೊಂಡರು. ಹೇಳಿದ ನಾನು ಬರೆದುಕೊಳ್ಳಲಿಲ್ಲ.

ಬರೆದುಕೊಳ್ಳಬೇಕಿತ್ತು. ಈ ವರ್ಷದ ಶಿವರಾತ್ರಿಯ ಹೊತ್ತಿಗೆ ಸಸಿ ನನ್ನ ಮೊಣಕಾಲೆತ್ತರ ಬೆಳೆದಿತ್ತು. ಅದರ ಬುಡದಿಂದ ಹೊರಟ ಬಿರುಕು ಗೋಡೆಗುಂಟ ಇಳಿದು, ಸ್ಲ್ಯಾಬು ದಾಟಿ, ಸರಿಯಾಗಿ ದೇವರ ಜಗಲಿಯ ಮೇಲೆ ಪ್ರತ್ಯಕ್ಷವಾಯಿತು. ಗಿರಿಜೆ ದೀಪ ಹಚ್ಚಲು ಹೋದವಳು ಕೂಗಿದಳು. ಮಾಳಿಗೆ ಹತ್ತಿ ನೋಡಿ ಬಂದು, “ದೇವ್ರ ಗಿಡ ದೇವ್ರ ಜಗಲಿಗೇ ಬಾಯಿ ಹಾಕೈತಲ್ರಿ!” ಎಂದಳು. ಅದನ್ನು ಕಿತ್ತರೆ ಮನೆತನಕ್ಕೆ ಒಳ್ಳೆಯದಲ್ಲ ಎಂಬುದು ಅವಳಿಗೆ ಗೊತ್ತು. ಕೀಳದಿದ್ದರೆ ಮನೆಗೇ ಒಳ್ಳೆಯದಲ್ಲ ಎಂಬುದೂ ಗೊತ್ತು. ಓಣಿಯ ಹೆಂಗಸರು ಸಭೆ ಸೇರಿದರು. ಒಬ್ಬರು ಬೇರಿಗೆ ಇಂಗಿನ ನೀರು ಹಾಕಲು ಹೇಳಿದರು. ಹಾಗೆ ಮಾಡಿದರೆ ಗಿಡ ತಾನಾಗಿಯೇ ಒಣಗುತ್ತದೆ, ಕಿತ್ತ ಹಾಗೂ ಆಗುವುದಿಲ್ಲವಂತೆ. ಕೊಲ್ಲದೆ ಸಾಯಿಸುವ ಈ ಸೂಕ್ಷ್ಮ ನನಗೆ ಬಹಳ ಹಿಡಿಸಿತು, ಆದರೆ ನಮ್ಮ ಮನೆಯ ಇಂಗಿನ ಡಬ್ಬಿ ಖಾಲಿಯಾಗಿ, ಎರಡು ದಿನ ಸಾರು ಸಪ್ಪೆಯಾದದ್ದು ಬಿಟ್ಟರೆ ಗಿಡಕ್ಕೇನೂ ಆಗಲಿಲ್ಲ. ಕೊನೆಗೆ ಇಂಥ ಸಂದರ್ಭದಲ್ಲಿ ನಮ್ಮ ಕಡೆ ಎಲ್ಲರೂ ಹೇಳುವ ಮಾತನ್ನೇ ಎದುರುಮನೆಯ ಹಿರಿಯರು ಹೇಳಿದರು. “ಸಾಬ್ರ ಮೇಸ್ತ್ರಿಗೆ ಹೇಳ್ರಿ. ಅವರಿಗೇನ ತಟ್ಟಂಗಿಲ್ಲ.”

ಈ ಮಾತಿನಲ್ಲಿ ದ್ವೇಷ ಇರುವುದಿಲ್ಲ, ಅದೇ ಅದರ ಕಷ್ಟ. ಬಿಸಿಲಿಗೆ ಕೊಡೆ ಹಿಡಿ ಎಂದಷ್ಟೇ ಸಲೀಸಾಗಿ ಹೇಳುತ್ತಾರೆ. ಅರಳಿ, ಔದುಂಬರ, ಬನ್ನಿ, ಯಾವುದು ಗೋಡೆಯಲ್ಲಿ ಹುಟ್ಟಿದರೂ ಓಣಿಯವರು ಮುಸಲ್ಮಾನ ಮೇಸ್ತ್ರಿಯನ್ನು ಕರೆಯುತ್ತಾರೆ. ಅವನು ಬಂದು ಕೀಳುತ್ತಾನೆ. ಮನೆಯವರು ಒಳಗೆ ಹೋಗಿ ಬೆನ್ನು ತಿರುಗಿಸಿ ನಿಂತಿರುತ್ತಾರೆ. ನಾನು ಚಿಕ್ಕವನಿದ್ದಾಗಿನಿಂದ ನೋಡಿದ ಪದ್ಧತಿ ಇದು. ಅದನ್ನು ನೋಡಿಯೂ ನೋಡದೆ ಐವತ್ತು ದಾಟಿದ್ದೆ.

ರಸೂಲ್ ಸಾಬರನ್ನು ಕರೆಯುವುದು ನನಗೇನೂ ಕಷ್ಟವಿರಲಿಲ್ಲ. ಅವರು ದಢೇಸುಗೂರಿನವರು, ನಮ್ಮ ಈ ಮನೆಯನ್ನು ಇಪ್ಪತ್ತು ವರ್ಷದ ಹಿಂದೆ ಬುನಾದಿಯಿಂದ ಕಟ್ಟಿದವರು. ಆಮೇಲೆ ಸಿಂಧನೂರಿಗೆ ಬಂದಾಗಲೆಲ್ಲ ಸೈಕಲ್ಲು, ಈಗ ಮೋಟಾರ್ ಸೈಕಲ್ಲು, ನಮ್ಮ ಬಾಗಿಲಲ್ಲಿ ನಿಲ್ಲುತ್ತದೆ. ಮನೆಯಲ್ಲಿ ದಖ್ಖನಿ, ನಮ್ಮೊಡನೆ ನಮ್ಮದೇ ಕನ್ನಡ. ಬಚ್ಚಲು ರಿಪೇರಿ ಇರಲಿ, ಬಾಗಿಲ ಚೌಕಟ್ಟು ಇರಲಿ, ಅವರು ಕೆಲಸ ಮಾಡುತ್ತಿದ್ದರೆ ನಾನು ಪಕ್ಕದಲ್ಲೊಂದು ಕುರ್ಚಿ ಹಾಕಿಕೊಂಡು ದುಃಖದ ಮೂಲ ತೃಷ್ಣೆ ಎಂಬಿತ್ಯಾದಿ ವಿಚಾರ ಹೇಳುವುದು, ಅವರು “ಹೌದ್ರಿ ಸರ” ಎನ್ನುತ್ತ ಗೋಡೆಗೆ ಸಿಮೆಂಟಿನ ಗಿಲಾವು ಮಾಡುವುದು ನಡೆದುಬಂದ ರೂಢಿ. ನನ್ನ ಹೆಂಡತಿಯೂ ಸೇರಿದಂತೆ ಯಾರೂ ನನ್ನ ಮಾತನ್ನು ಅಷ್ಟು ಹೊತ್ತು ಕೇಳುವುದಿಲ್ಲ. ಅವರನ್ನು ಸ್ನೇಹಿತರೆಂದು ನಾನು ನಾಲ್ಕು ಜನರ ಮುಂದೆ ಹೇಳಿಕೊಂಡದ್ದುಂಟು.

ಅವರು ಬಂದ ದಿನ ನಾನು ಕಾಲೇಜಿಗೆ ಹೊರಡುವ ಅವಸರದಲ್ಲಿದ್ದೆ. ಅವಸರ ನಿಜವೇನಲ್ಲ, ಆ ದಿನ ನನಗೆ ಮೊದಲ ತಾಸು ಇರಲಿಲ್ಲ. ಐದು ಶೀಲಗಳಲ್ಲಿ ಮೊದಲನೆಯದು ಜೀವ ತೆಗೆಯಬಾರದು ಎನ್ನುತ್ತದೆ. ಭಿಕ್ಷುಗಳಿಗಾದರೆ ಹಸಿರು ಕಡಿಯುವುದೂ ನಿಷಿದ್ಧವಂತೆ, ಗೃಹಸ್ಥರಿಗೆ ಅಷ್ಟು ಬಿಗಿ ಇಲ್ಲವೆಂದು ಎಲ್ಲೋ ಓದಿ ಧೈರ್ಯ ತಂದುಕೊಂಡಿದ್ದೆ. ಆದರೂ ನೀರೆರೆದ ಗಿಡ ಕೀಳುವಾಗ ಮನೆಯಲ್ಲಿರುವುದು ಬೇಡವೆನಿಸಿತು. ರಸೂಲ್ ಸಾಬರು ಮಾಳಿಗೆಯಲ್ಲಿ ಸಸಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಬುಡದ ಹಸಿಯನ್ನು ಬೆರಳಿಂದ ಮುಟ್ಟಿ ನೋಡಿದರು.

“ಇದಕ್ಕ ಯಾರೋ ನೀರ ಹಾಕ್ಯಾರಲ್ರಿ ಸರ.”

ನಾನು ಕೈಗಡಿಯಾರ ನೋಡಿಕೊಂಡೆ. ಅದೇ ಉತ್ತರವಾಯಿತು. ಅವರು ತಲೆಯೆತ್ತಿ, ನನ್ನ ಹೆಗಲ ಚೀಲ ನೋಡಿ, “ನೀವು ಮನ್ಯಾಗ ಇರಂಗಿಲ್ಲೇನ್ರಿ?” ಎಂದು ಕೇಳಿದರು. ಆಗ ನನ್ನ ಬಾಯಿಂದ, ಇಷ್ಟು ವರ್ಷ ಬುದ್ಧನ ಮಾತನ್ನೇ ಆಡಿಕೊಂಡು ಬಂದ ಬಾಯಿಂದ, ಓಣಿಯ ಮಾತು ಬಂತು.

“ನಿಮಗಾದ್ರ ಏನ ತಟ್ಟಂಗಿಲ್ಲಲ್ಲ ರಸೂಲ್ ಸಾಬ್.”

ಅವರು ಹೊರಗೆ ತೆಗೆದಿಟ್ಟಿದ್ದ ಉಳಿ, ಸುತ್ತಿಗೆ, ಕರಣಿಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದರು. ಸಿಟ್ಟಿನಿಂದ ಹಾಕಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಿಧಾನಕ್ಕೆ, ಅರಿವೆಯಲ್ಲಿ ಒರೆಸಿ ಹಾಕಿದರು. “ತಟ್ಟಂಗಿಲ್ಲ ಅಂತ ನಿಮಗ್ಯಾರ ಹೇಳ್ಯಾರ್ರಿ?” ಎಂದರು. “ಹಸರ ಇರೂತನಕ ಗಿಡ ತಸ್ಬೀ ಓದತಿರ್ತಾವ, ಅಲ್ಲಾನ ಹೆಸರ ಹೇಳ್ತಿರ್ತಾವ, ಹಸೀ ಗಿಡಕ್ಕ ಕೈ ಹಚ್ಚಬ್ಯಾಡ ಅಂತ ನಮ್ಮಜ್ಜಿ ನನಗ ಹೇಳ್ತಿದ್ಲು. ಸಿಂಧನೂರಾಗ, ಮುಕ್ಕುಂದದಾಗ, ಈ ಆಂಧ್ರದವ್ರ ಕ್ಯಾಂಪಿನ್ಯಾಗ ಎಷ್ಟ ಮನ್ಯಾಗ ಕಿತ್ತೀನಿ. ರಸೂಲ, ನಿನಗ ಹೆಂಗ ಅನಸ್ತದ ಅಂತ ಒಬ್ರೂ ಕೇಳಿಲ್ರಿ. ಉಳದವ್ರದು ಹೋಗ್ಲಿ. ಸರ, ಬೆಳಸಾಕ ನಿಮ್ಮ ಕೈ, ಕೀಳಾಕ ನಮ್ಮ ಕೈ ಏನ್ರಿ?”

ಕೆಳಗೆ ಗಿರಿಜೆ ಚಹ ಮಾಡಿದ್ದಳು. ಕುಡಿಯದೆ ಹೋದರು. ಇಪ್ಪತ್ತು ವರ್ಷದಲ್ಲಿ ಅವರು ನಮ್ಮ ಮನೆಯ ಚಹ ಬಿಟ್ಟು ಹೋಗಿದ್ದು ಅದೊಂದೇ ಸಲ.

ಮುಂದಿನ ವಾರಗಳನ್ನು ನಾನು ಹೇಗೆ ಕಳೆದೆನೆಂದು ವರ್ಣಿಸಲು ಹೊರಟರೆ ಅದೂ ಒಂದು ಆತ್ಮಪ್ರಶಂಸೆಯಾದೀತು. ಪಶ್ಚಾತ್ತಾಪಕ್ಕೂ ಚಟ ಹತ್ತುತ್ತದೆ. ಬಸ್ಸಿನಲ್ಲಿ ಕಿಟಕಿಯ ಸೀಟು ಬಿಟ್ಟು ನಿಂತುಕೊಂಡು ಪ್ರಯಾಣ ಮಾಡಿದೆ. ಮಸ್ಕಿಯಲ್ಲಿ ಒಮ್ಮೆ ಇದ್ದಕ್ಕಿದ್ದಂತೆ ಇಳಿದು, ಬಂಡೆಯವರೆಗೆ ಹೋಗಿ, ಅಕ್ಷರಗಳನ್ನು ನೋಡಲಾರದೆ ಮುಂದಿನ ಬಸ್ಸಿಗೆ ಬಂದೆ. ಅಶೋಕ ತಪ್ಪನ್ನು ಕತ್ತಿ ಹಿಡಿದವರ ಮೇಲೆ ಹಾಕಲಿಲ್ಲ ಎಂದು ಹುಡುಗಿಯರಿಗೆ ಹೇಳಿದವನು, ಒಂದು ಮೊಣಕಾಲೆತ್ತರದ ಗಿಡಕ್ಕೆ ಕೂಡ ಇನ್ನೊಬ್ಬರ ಕೈ ಹುಡುಕಿದ್ದೆ. ರಸೂಲ್ ಸಾಬರು ಇನ್ನು ನಮ್ಮ ಬಾಗಿಲಿಗೆ ಬರುತ್ತಾರೋ ಇಲ್ಲವೋ ಎಂಬ ಒಂದೇ ವಿಚಾರ ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನಂತೆ ಇಡೀ ದಿನ ಕಾಡುತ್ತಿತ್ತು. ಮೋಟಾರ್ ಸೈಕಲ್ಲಿನ ಸಪ್ಪಳವಾದರೆ ಹೊರಗೆ ಹೋಗಿ ನೋಡುತ್ತಿದ್ದೆ. ಗಿರಿಜೆ ಬೇರೆ ಮೇಸ್ತ್ರಿಯನ್ನು ಕರೆಯೋಣ ಎಂದಾಗ ಅವಳ ಮೇಲೆ ರೇಗಿದೆ. “ನನ್ನ ಮ್ಯಾಲ ಯಾಕ ಹಾಯ್ತೀರಿ? ಆ ಮಾತ ಆಡಿದವ್ರು ನೀವು” ಎಂದಳು. ಅದು ನಿಜವಾದ್ದರಿಂದ ಇನ್ನಷ್ಟು ರೇಗಿದೆ.

ಏಪ್ರಿಲ್ ಕೊನೆಗೆ ಗಾಡಿ ತೆಗೆದುಕೊಂಡು ದಢೇಸುಗೂರಿಗೆ ಹೋದೆ. ಎರಡನೆಯ ಬೆಳೆಯ ಭತ್ತ ಕೊಯ್ದಾಗಿತ್ತು, ಕಾಲುವೆಯಲ್ಲಿ ನೀರಿರಲಿಲ್ಲ. ಕೂಳೆ ಗದ್ದೆಯಲ್ಲಿ ಆಂಧ್ರದ ಕಡೆಯವರು ಬಾತುಕೋಳಿ ಮೇಯಿಸುತ್ತಿದ್ದರು. ಸಾವಿರಾರು ಕೊಕ್ಕು ಒಂದೇ ಸಲ ಉದುರಿದ ಕಾಳು ಹೆಕ್ಕುವ ಸದ್ದು ರಸ್ತೆಯವರೆಗೆ ಬರುತ್ತಿತ್ತು. ಬರುವ ದಾರಿಯಲ್ಲೆಲ್ಲ ನಾನು ಹೇಳಬೇಕಾದ್ದನ್ನು ಹೊಂದಿಸಿಕೊಂಡು ಬಂದಿದ್ದೆ: ಅಜ್ಞಾನ, ಅವಿವೇಕ, ಕ್ಷಮೆ, ಮೈತ್ರಿ, ಎಲ್ಲವೂ ಇದ್ದ ಒಂದು ವಾಕ್ಯ. ರಸೂಲ್ ಸಾಬರು ಮನೆಯ ಮುಂದಿನ ಬೇವಿನ ನೆರಳಲ್ಲಿ ಹೊರಸು ಹಾಕಿ ಕೂಡಿಸಿದರು, ನೀರು ಕೊಟ್ಟರು, ಚಹ ತರಿಸಿದರು. ಎಂದೂ ಇಲ್ಲದ್ದು, ‘ಸರ’ ಬಿಟ್ಟು ‘ಸಾಹೇಬ್ರ’ ಎಂದರು. ಆ ಮರ್ಯಾದೆಯಿಂದಲೇ ನಾನು ಎಷ್ಟು ದೂರ ಹೋಗಿ ಕುಳಿತಿದ್ದೇನೆಂದು ಗೊತ್ತಾಯಿತು. ನನ್ನ ವಾಕ್ಯ ಹೇಳಿದೆ. “ಇರ್ಲಿ ಬಿಡ್ರಿ ಸಾಹೇಬ್ರ, ಅದ್ರಾಗೇನೈತಿ” ಎಂದರು. ಎದ್ದು ಹೊರಡುವಾಗ ನಾನು ಅಭ್ಯಾಸಬಲದಿಂದ, “ಮಳಿ ಬರೂದ್ರಾಗ ಆ ಬಿರುಕ ಒಂದೀಟು…” ಎಂದೆ. ಅವರು ಕೆಲಸ ಬಹಳ ಇದೆಯೆಂದು, ನಮ್ಮೂರಿನ ಇನ್ನೊಬ್ಬ ಮೇಸ್ತ್ರಿಯ ಹೆಸರು ಹೇಳಿದರು.

ಮರುದಿನ ಗ್ರಂಥಾಲಯದಲ್ಲಿ ದೇವಮ್ಮನವರಿಗೆ ಎಲ್ಲ ಹೇಳಿದೆ, ಸಮಾಧಾನ ಸಿಕ್ಕೀತೆಂಬ ಆಸೆಯಿಂದ. ಅವರು ವಾಪಸು ಬಂದ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡರು. ಗೃಹಸ್ಥನು ಗೋಡೆಯ ಗಿಡ ಕೀಳಬಹುದೇ ಎಂಬ ಧರ್ಮಸೂಕ್ಷ್ಮವನ್ನು ನಾನು ಮುಂದಿಟ್ಟಾಗ, “ಕೀಳಬೌದ್ರಿ ಸರ. ಕೀಳಸೂದು ಬ್ಯಾರೆ ಮಾತು. ಕೊಲ್ಲಬಾರ್ದು ಅಂತ ಹೇಳೂ ಕಡೆ ಕೊಲ್ಲಸಬಾರ್ದು ಅಂತನೂ ಐತಿ, ನೀವು ಓದೀರಿ” ಎಂದರು. ಸ್ವಲ್ಪ ತಡೆದು ಕೇಳಿದರು: “ನಿನ್ನಿ ನೀವು ಕ್ಷಮಾ ಕೇಳಾಕ ಹೋಗಿದ್ರೋ, ಮೇಸ್ತ್ರಿನ ಕರಿಯಾಕ ಹೋಗಿದ್ರೋ?”

ಇಂಥ ಪ್ರಶ್ನೆ ಕೇಳುವವರನ್ನು ಗ್ರಂಥಾಲಯದಲ್ಲಿ ಇಡಬಾರದು. ಎರಡಕ್ಕೂ ಹೋಗಿದ್ದೆ, ಒಂದೇ ಗಾಡಿಯಲ್ಲಿ, ಒಂದೇ ಪೆಟ್ರೋಲಿನಲ್ಲಿ. ಮನಸ್ಸು ಓಡುತ್ತಿದೆ ಎಂದು ಗೊತ್ತಾದರೆ ಸಾಕು ಎಂದು ಅವರು ಹಿಂದೊಮ್ಮೆ ಹೇಳಿದ್ದು ಪರವಾನಗಿಯಲ್ಲ, ಬಲು ಬಿಗಿಯಾದ ಕರಾರು ಎಂದು ನನಗೆ ಆಗ ಹೊಳೆಯಿತು. ನನ್ನ ಮನಸ್ಸು ಎಲ್ಲಿಗೆ ಓಡುತ್ತದೆ ಎಂಬುದನ್ನು ಮಾತ್ರ ನಾನು ನೋಡುತ್ತಿದ್ದೆ. ಯಾವುದರಿಂದ ಓಡುತ್ತಿದೆ ಎಂದು ಒಮ್ಮೆಯೂ ನೋಡಿರಲಿಲ್ಲ.

ಮೇ ತಿಂಗಳ ಎರಡನೆಯ ಭಾನುವಾರ ಚಾಪೆಯ ಮೇಲೆ ಕೂಡಲು ಹೋಗದೆ, ಬಿಸಿಲೇರುವ ಮೊದಲೇ ಒಂದು ಉಳಿ ಮತ್ತು ಸುತ್ತಿಗೆ ಹಿಡಿದು ಮಾಳಿಗೆ ಹತ್ತಿದೆ. ಗಿರಿಜೆ ಬೇಡವೆಂದಳು, ಆಮೇಲೆ ತಾನೂ ಮೆಟ್ಟಿಲ ಮೇಲೆ ಬಂದು ಕುಳಿತಳು. ಮೊಣಕಾಲೆತ್ತರದ ಗಿಡ ಕೀಳಲು ಎಷ್ಟು ಹೊತ್ತು ಎಂದುಕೊಂಡಿದ್ದೆನೋ ಅದರ ಐದು ಪಟ್ಟು ಹಿಡಿಯಿತು. ಮೇಲೆ ಬೆರಳ ಗಾತ್ರದ ಕಾಂಡ. ಒಳಗೆ ಮಣಿಕಟ್ಟಿನ ಗಾತ್ರದ ಬೇರು, ಇಟ್ಟಿಗೆ ಇಟ್ಟಿಗೆಯ ನಡುವೆ ಚಪ್ಪಟೆಯಾಗಿ ಹರಡಿ, ಗಾರೆಯನ್ನು ಅಪ್ಪಿ ಹಿಡಿದಿತ್ತು. ನಾನು ಎರೆದ ತಂಬಿಗೆ ತಂಬಿಗೆ ನೀರೆಲ್ಲ ಅಲ್ಲಿತ್ತು. ಸಾಧ್ಯವಾದರೆ ಬೇರುಸಹಿತ ಬಿಡಿಸಿ ಬೇರೆ ಕಡೆ ನೆಡಬೇಕೆಂದು ಒಂದು ಬಕೆಟ್ಟಿನಲ್ಲಿ ಮಣ್ಣು ತುಂಬಿ ಇಟ್ಟುಕೊಂಡಿದ್ದೆ. ಎಳೆದಾಗ ಬೇರು ಪಟ್ಟನೆ ಹರಿಯಿತು. ಹರಿದ ಕಡೆ ಬಿಳಿಯ ಹಾಲು ಬಂದು ನನ್ನ ಅಂಗೈಗೆ ಅಂಟಿತು. ನನಗೆ ಅಳು ಬಂತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂತು.

ಬಕೆಟ್ಟಿನಲ್ಲಿ ನೆಟ್ಟೆ. ನಾಲ್ಕು ದಿನ ನೆರಳಿನಲ್ಲಿಟ್ಟು ನೀರು ಚಿಮುಕಿಸಿದೆ. ಎಲೆಗಳು ಒಂದೊಂದಾಗಿ ಜೋತುಬಿದ್ದು, ಐದನೆಯ ದಿನ ಮುಟ್ಟಿದರೆ ಮುರಿಯುವಂತಾದವು. ಯಾವ ಶಾಸ್ತ್ರದಿಂದಲೂ ಅದನ್ನು ಬೇರೆಯವರ ಲೆಕ್ಕಕ್ಕೆ ಹಾಕುವಂತಿರಲಿಲ್ಲ. ವಿಚಿತ್ರವೆಂದರೆ ಇಷ್ಟು ದಿನ ಒಳಗೆ ಗಿರಗಿಟ್ಟಲೆ ತಿರುಗುತ್ತಿದ್ದದ್ದು ಸ್ವಲ್ಪ ತಗ್ಗಿತು. ಅದರ ಬದಲು ಸಾದಾ ದುಃಖ ಬಂದು ಕುಳಿತಿತು. ದುಃಖವನ್ನು ಹೊತ್ತು ನಡೆಯಬಹುದು, ಅದರೊಡನೆ ಓಡಬೇಕಾಗಿಲ್ಲ.

ಮತ್ತೆ ದಢೇಸುಗೂರಿಗೆ ಹೋದೆ. ಈ ಸಲ ವಾಕ್ಯ ಹೊಂದಿಸಿಕೊಂಡಿರಲಿಲ್ಲ. ರಸೂಲ್ ಸಾಬರು ಕಾಲುವೆ ದಂಡೆಯ ಒಂದು ಮನೆಯ ಗಿಲಾವು ಮುಗಿಸಿ, ಕೈಕಾಲು ತೊಳೆದು, ದಂಡೆಯ ಕಲ್ಲಿನ ಮೇಲೆ ಕುಳಿತಿದ್ದರು. ಇನ್ನೂ ಒಂದು ತಾಸು ಬೆಳಕಿತ್ತು. ನಾನು ಪಕ್ಕದಲ್ಲಿ ಕುಳಿತೆ.

“ಅದನ್ನ ನಾನ ಕಿತ್ತೆ” ಎಂದೆ. “ಸತ್ತ ಹೋತು. ಬಿರುಕಿನ ಸಲುವಾಗಿ ಬಂದಿಲ್ಲ. ಅದನ್ನ ಯಾರರ ಮುಚ್ಚಲಿ.”

ಅವರು ನನ್ನ ಕೈ ನೋಡಿದರು. ಅಂಗೈಯ ಬೊಬ್ಬೆ ಇನ್ನೂ ಮಾಯ್ದಿರಲಿಲ್ಲ. “ಬೇರ ಪೂರಾ ಬಂತೇನ್ರಿ?” ಎಂದು ಕೇಳಿದರು.

“ಇಲ್ಲ, ಹರೀತು.”

“ಬರಂಗಿಲ್ಲ ಅದು. ಯಾವತ್ತೂ ಪೂರಾ ಬರಂಗಿಲ್ಲ” ಎಂದರು. ಒಣ ಕಾಲುವೆಯಲ್ಲಿ ಎರಡು ನಾಯಿಗಳು ಒಂದರ ಹಿಂದೊಂದು ಓಡಿಹೋದವು. ಇಪ್ಪತ್ತು ವರ್ಷದಲ್ಲಿ ನಾನು ಈ ಮನುಷ್ಯನ ಪಕ್ಕದಲ್ಲಿ ಮಾತಾಡದೆ ಕುಳಿತದ್ದು ಎಂದೂ ಇಲ್ಲವೆಂದು ನೆನಪಾಯಿತು. ಅಂದು ಮಾಳಿಗೆಯಲ್ಲಿ ಕೇಳಬೇಕಿದ್ದನ್ನು, ಅಂದಲ್ಲ, ಅದಕ್ಕೂ ಎಷ್ಟೋ ಮೊದಲು ನಮ್ಮ ಊರುಗಳಲ್ಲಿ ಯಾರಾದರೂ ಒಬ್ಬರು ಕೇಳಬೇಕಿದ್ದನ್ನು, ಬಹಳ ತಡವಾಗಿ ಕೇಳಿದೆ.

“ರಸೂಲ್ ಸಾಬ್, ನಿಮಗ ಹೆಂಗ ಅನಸ್ತಿತ್ತು?”

ಅವರು ಉಗುರಿನ ಸಂದಿಯ ಸಿಮೆಂಟನ್ನು ಕೆರೆಯುತ್ತ ಕುಳಿತರು. ನಾನು ಕಾದೆ.

“ಮೊದಲನೇದು ಮುಕ್ಕುಂದದಾಗ್ರಿ” ಎಂದು ಶುರು ಮಾಡಿದರು. “ನನಗಿನ್ನ ಮೀಸಿ ಬಂದಿರ್ಲಿಲ್ಲ. ಬಾವಿ ಗ್ವಾಡ್ಯಾಗ ಹುಟ್ಟಿತ್ತು, ಏಳ ಎಲಿ ಇದ್ವು. ನಮ್ಮಪ್ಪ ಹಗ್ಗಾ ಹಿಡದಿದ್ದ, ನಾ ಇಳದು ಕಿತ್ತೆ. ಕೀಳೂವಾಗ ನಮ್ಮಜ್ಜಿ ಹೇಳಿದ್ದ ನೆನಪಾಗಿ, ಮಾಫ್ ಮಾಡು ಅಂದೆ. ಗಿಡಕ್ಕಂದ್ನೋ ಅಲ್ಲಾಗಂದ್ನೋ ಗೊತ್ತಿಲ್ರಿ.”

ಆಮೇಲೆ ಎರಡನೆಯದು ಬಂತು, ಒಂದು ಅಕ್ಕಿ ಗಿರಣಿಯ ಗೋಡೆಯದು. ಮೂರನೆಯದು ಸಿಂಧನೂರಿನ ಒಂದು ಶಾಲೆಯ ಕಿಟಕಿಯ ಮೇಲಿನದು. ಯಾವ ಗೋಡೆ, ಯಾವ ದಿಕ್ಕು, ಎಷ್ಟು ಎಲೆ, ಮನೆಯವರು ಎತ್ತ ಮುಖ ತಿರುಗಿಸಿ ನಿಂತಿದ್ದರು, ಒಂದನ್ನೂ ಅವರು ಮರೆತಿರಲಿಲ್ಲ. ಕೇಳಿದವರಿಲ್ಲವೆಂದು ಹೇಳಿರಲಿಲ್ಲ, ಅಷ್ಟೇ. ಐದಾರು ಆದ ಮೇಲೆ ನಡುವೆ ನಿಲ್ಲಿಸಿ ನನ್ನ ಕಡೆ ತಿರುಗಿದರು.

“ಬ್ಯಾಸರಾತೇನ್ರಿ ಸರ?”

‘ಸರ’ ಎಂದರು.

“ಇಲ್ರಿ” ಎಂದೆ. “ಮುಂದಿಂದು ಹೇಳ್ರಿ.”